ನಕ್ಷೆಯ ಮೇಲೊಂದು ಕುಂಕುಮದ ಬೊಟ್ಟು

ಟೆಕ್ಸಸ್‌ನಿಂದ ಬಂದ ಪೆಟ್ಟಿಗೆ ಹೊಗೆಯಾಡುತ್ತಿತ್ತು. ಬೆಂಕಿ ಎಂದುಕೊಂಡು ಒಂದು ಮಗ್ ನೀರು ಸುರಿದೆ. ಹೊಗೆ ಕೋಣೆಯನ್ನೆಲ್ಲ ತುಂಬಿತು.

“ಕಾಕು, ಅದು ಡ್ರೈ ಐಸ್ ರೀ! ಬೆಂಕಿ ಅಲ್ಲ, ಥಂಡಿ!” ವೀಣಾ ನಗುತ್ತ ಓಡಿ ಬಂದಳು. ಅವಳು ನಮ್ಮವರ ಅಣ್ಣನ ಮಗಳು, ನಾನು ಕೆಲಸಕ್ಕೆ ಸೇರಿದ ವೈರಸ್ ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು. ಸ್ಯಾನ್ ಡಿಯಾಗೊದಲ್ಲಿ ನನ್ನ ಕೆಲಸ ಶುರುವಾದದ್ದು ಹೀಗೆ.

ಗದಗಿನಿಂದ ನಾವು ಮೊದಲು ಬಂದದ್ದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ಗೆ. ನಮ್ಮವರು ಅಲ್ಲೊಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. ೨೦೦೯ರ ಹಂದಿಜ್ವರ ಅವರನ್ನು ಒಯ್ದಿತು. ಆಮೇಲೆ ಪರಿಚಯದವರ ಮನೆಗಳಲ್ಲಿ ಅರಿಸಿನ-ಕುಂಕುಮದ ತಟ್ಟೆ ನನ್ನನ್ನು ದಾಟಿ ಪಕ್ಕದವರಿಗೆ ಹೋಗತೊಡಗಿತು. ಸಮುದ್ರ ದಾಟಿ ಬಂದರೂ ಆ ತಟ್ಟೆಯ ದಾರಿ ಬದಲಾಗಿರಲಿಲ್ಲ. ವೀಣಾ ಬಂದು ಸ್ಯಾನ್ ಡಿಯಾಗೊದ ಯೂನಿವರ್ಸಿಟಿ ಸಿಟಿ ಬಡಾವಣೆಯ ತನ್ನ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದಳು, ತನ್ನ ಲ್ಯಾಬಿನಲ್ಲೇ ಕೆಲಸವನ್ನೂ ಕೊಡಿಸಿದಳು.

ಲ್ಯಾಬಿಗೆ ದೇಶದ ಮೂಲೆಮೂಲೆಯಿಂದ ಹಂದಿಜ್ವರದ ರೋಗಿಗಳ ಮೂಗಿನ ಸ್ಯಾಂಪಲ್ ಬರುತ್ತಿದ್ದವು. ನಾನು ಟ್ಯೂಬುಗಳಿಗೆ ಚೀಟಿ ಅಂಟಿಸಿ ಫ್ರೀಜರಿನಲ್ಲಿ ಇಡುತ್ತಿದ್ದೆ. ಒಳಕೋಣೆಯವರು ಆ ವೈರಸ್ ಎಲ್ಲೆಲ್ಲಿ ಹೇಗೆ ರೂಪ ಬದಲಿಸಿದೆ ಎಂದು ಪತ್ತೆ ಹಚ್ಚುತ್ತಿದ್ದರು. ಗೋಡೆಯ ಅಮೆರಿಕದ ನಕ್ಷೆಯಲ್ಲಿ ಒಂದೊಂದು ರೂಪಕ್ಕೆ ಒಂದೊಂದು ಬಣ್ಣದ ಬೊಟ್ಟು. ಹೊಸದು ಕಂಡರೆ ಕೆಂಪು. ನಮ್ಮೂರಲ್ಲಿ ಜ್ವರ ಅಂದರೆ ಜ್ವರ. ಇಲ್ಲಿ ಅದರ ಮಕ್ಕಳು ಮೊಮ್ಮಕ್ಕಳ ವಂಶಾವಳಿಯನ್ನೇ ಬರೆಯುತ್ತಾರೆ. ನಾನು ಈ ದೇಶದ ಭೂಗೋಳ ಕಲಿತದ್ದು ಪೆಟ್ಟಿಗೆಗಳಿಂದ. ಫ್ಲೋರಿಡಾದವರು ಟೇಪು ಸುತ್ತುವುದರಲ್ಲಿ ಬಹಳ ಧಾರಾಳಿಗಳು.

ಖಂಡೇನವಮಿ, ಅಂದರೆ ಆಯುಧ ಪೂಜೆ ಬಂತು. ಚಾಟ್ಸ್‌ವರ್ತ್‌ನಲ್ಲಿ ನಮ್ಮವರು ಲೇತಿಗೆ, ಸ್ಪ್ಯಾನರಿಗೆ, ಗೋಡೆ ಗಡಿಯಾರಕ್ಕೂ ಬೊಟ್ಟಿಡುತ್ತಿದ್ದರು. ಅದು ನಿಲ್ಲಬಾರದು ಅನ್ನಿಸಿತು. ಆದರೆ ನಾನು ಕುಂಕುಮ ಮುಟ್ಟಬಹುದೇ? ಬೆಳಗ್ಗೆಯೆಲ್ಲ ಒದ್ದಾಡಿ ಕೊನೆಗೆ ಭರಣಿ ತೆಗೆದೆ. ಲ್ಯಾಬಿನ ಫ್ರೀಜರಿಗೆ ಒಂದು, ಕತ್ತರಿಗೆ ಒಂದು. ನಕ್ಷೆಯಲ್ಲಿ ಚಾಟ್ಸ್‌ವರ್ತ್ ಇರುವಲ್ಲಿ ಒಂದು.

ಮಧ್ಯಾಹ್ನ ಲ್ಯಾಬಿನಲ್ಲಿ ಗದ್ದಲವೋ ಗದ್ದಲ. ಲಾಸ್ ಏಂಜಲೀಸ್‌ನಲ್ಲಿ ಹೊಸ ರೂಪ ಕಂಡಿದೆಯಂತೆ, ಯಾರು ಪತ್ತೆ ಮಾಡಿದರು ಎಂದು ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದರು. ವೀಣಾ ಆ ಬೊಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಕಾಕು, ಇದು ನಿಮ್ಮ ಕೆಲಸ ಏನ್ರಿ?”

“ಹೌದವಾ. ಇವತ್ತ ಖಂಡೇನವಮಿ.”

“ಹಬ್ಬ ಮಾಡಿ ಇಡೀ ಅಮೆರಿಕಾಕ್ಕ ಜ್ವರ ಬರಿಸಿದ್ರಲ್ಲ!”

ಮುಖ್ಯಸ್ಥೆ ಹೆಲೆನ್‌ಗೆ ಅವಳೇ ಎಲ್ಲ ವಿವರಿಸಿದಳು. ಒರೆಸಲು ನಾನು ಒದ್ದೆ ಬಟ್ಟೆ ಹಿಡಿದು ನಿಂತಿದ್ದೆ. ಹೆಲೆನ್ ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. ನಿಮ್ಮವರ ಸ್ಯಾಂಪಲ್ ನಮಗೆ ಬರಲೇ ಇಲ್ಲ, ಬೊಟ್ಟಾದರೂ ಇರಲಿ ಎಂದರು. ಅಂದಿನಿಂದ ಹೊಸ ರೂಪಕ್ಕೆ ನೇರಳೆ ಬಣ್ಣ ಬಂತು.

ವೀಣಾ ಭರಣಿ ಹಿಡಿದು ಬಂದಳು. “ಫ್ರೀಜರಿಗೆ ಹಚ್ಚೀರಿ, ಕತ್ತರಿಗೆ ಹಚ್ಚೀರಿ. ನಿಮಗ? ಬರ್ರಿ ಇಲ್ಲಿ. ಕಾಕಾ ಗಡಿಯಾರಾನೂ ಬಿಟ್ಟಾವರಲ್ಲ.” ನಾನು ಹಣೆ ಒಡ್ಡಿದೆ.

ಗದಗ ಆ ನಕ್ಷೆಯಲ್ಲಿಲ್ಲ. ಅದಕ್ಕೆಂದು ನಕ್ಷೆಯ ಹೊರಗೆ, ಬರಿ ಗೋಡೆಯ ಮೇಲೆ, ಲೈಟಿನ ಸ್ವಿಚ್ಚಿನ ಪಕ್ಕ ಚಿಕ್ಕದೊಂದು ಬೊಟ್ಟಿಟ್ಟೆ. ಬೆಳಗ್ಗೆ ಲೈಟು ಹಾಕುವಾಗ ಬೆರಳು ಅದನ್ನು ಸವರುತ್ತದೆ, ಕಣ್ಣು ಚಾಟ್ಸ್‌ವರ್ತ್ ಕಡೆ ಹೋಗುತ್ತದೆ. ಆಮೇಲೆ ಪೆಟ್ಟಿಗೆ ಬಿಚ್ಚುತ್ತೇನೆ. ಹೊಗೆ ಬಂದರೆ ಬರಲಿ ಎಂದು ಸುಮ್ಮನಿರುತ್ತೇನೆ.