ಕಬ್ಬಿನವರ ಕಾಫಿ

ಪಹಾಲಾದ ಸಕ್ಕರೆ ಕಾರ್ಖಾನೆಯ ಸೀಟಿ ನಿಂತ ದಿನ ಕ್ರಿಸಾಂತಾ ಅಗ್ಬಾಯಾನಿಗೆ ನಲವತ್ತೊಂಬತ್ತು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷ ಕಬ್ಬಿನ ಗದ್ದೆಯಲ್ಲೇ ಕಳೆದಿತ್ತು. ಮೊದಲು ಕಳೆ ಕಿತ್ತಳು, ಆಮೇಲೆ ಬಿತ್ತನೆಯ ತುಂಡು ಕತ್ತರಿಸಿದಳು. ಕಡೆಯ ಎಂಟು ವರ್ಷ ಮಾತ್ರ, ಕಟಾವಿಗೆ ಮೊದಲು ಗದ್ದೆ ಗದ್ದೆ ಸುತ್ತಿ, ಕಬ್ಬು ಜಗಿದು, ಹದಕ್ಕೆ ಬಂದಿದೆಯೋ ಇಲ್ಲವೋ ಹೇಳುವ ಕೆಲಸ. ಅದಕ್ಕೆಂದು ಕಚೇರಿಯಲ್ಲಿ ಒಂದು ಯಂತ್ರವೂ ಇತ್ತು. ಯಂತ್ರ ಒಂದು ಹೇಳಿ, ಕ್ರಿಸಾಂತಾ ಇನ್ನೊಂದು ಹೇಳಿದ ದಿನ ಮೇಸ್ತ್ರಿ ಯಂತ್ರವನ್ನು ರಿಪೇರಿಗೆ ಕಳಿಸುತ್ತಿದ್ದ.

ಕಾರ್ಖಾನೆ ಮುಚ್ಚಿದ ಮೇಲೆ ಯಂತ್ರವೂ ಹೋಯಿತು, ಮೇಸ್ತ್ರಿಯೂ ಹೋದ. ಮೌನಾ ಲೋವಾ ಬೆಟ್ಟದ ಇಳಿಜಾರಿನಲ್ಲಿ ಬೀಳುಬಿದ್ದ ನೆಲವನ್ನು ಐದೈದು ಎಕರೆಯಂತೆ ಹಳೆಯ ಕೆಲಸಗಾರರಿಗೆ ಗೇಣಿಗೆ ಕೊಟ್ಟು, ಕಾಫಿ ಹಾಕಿಕೊಳ್ಳಿ ಅಂದರು. ಹನ್ನೊಂದು ಮನೆಯವರು ಮುಂದೆ ಬಂದರು. ಎಲ್ಲರೂ ಇಲೊಕಾನೊ ಜನ, ಅಪ್ಪಂದಿರ ಕಾಲದಲ್ಲಿ ಫಿಲಿಪೀನ್ಸಿನಿಂದ ಈ ದ್ವೀಪಕ್ಕೆ ಕಬ್ಬು ಕಡಿಯಲು ಬಂದವರು. ಅವರಿಗೆ ಕಾಫಿ ಕುಡಿದು ಗೊತ್ತಿತ್ತು, ಬೆಳೆದು ಗೊತ್ತಿರಲಿಲ್ಲ. ಬೆಟ್ಟದ ಆಚೆ ಬದಿಯ ಕೋನಾದವರೋ, ತಾತ ಮುತ್ತಾತಂದಿರ ಕಾಲದಿಂದ ಕಾಫಿಯಲ್ಲೇ ಮುಳುಗೆದ್ದವರು. ಪಹಾಲಾದವರು ಕಾಫಿ ನೆಟ್ಟ ಸುದ್ದಿ ಕೇಳಿ ಅಲ್ಲಿ ಎಷ್ಟು ಜನ ನಕ್ಕರೋ ಲೆಕ್ಕ ಇಟ್ಟವರಿಲ್ಲ.

ನಗುವುದಕ್ಕೆ ಕಾರಣವನ್ನು ಇವರೇ ಒದಗಿಸಿದರು ಅನ್ನಿ. ಮೂರನೆಯ ವರ್ಷ ಗಿಡಗಳು ಹಣ್ಣು ಹಿಡಿದವು. ಕ್ರಿಸಾಂತಾಳ ಗಂಡ ಎಲ್ಪಿಡಿಯೊ ಮೂವತ್ತು ವರ್ಷ ಕಬ್ಬಿನ ಲಾರಿ ಓಡಿಸಿದವನು. ಕಬ್ಬು ಮಾಗಿದರೆ ಇಡೀ ಗದ್ದೆ ಒಟ್ಟಿಗೆ ಮಾಗುತ್ತದೆ. ಒಣಗರಿಗೆ ಬೆಂಕಿ ಹಚ್ಚು, ಕಡಿ, ತುಂಬು, ಮುಗಿಯಿತು. ಅದೇ ಲೆಕ್ಕದಲ್ಲಿ ಹನ್ನೊಂದು ಮನೆಯವರನ್ನೂ ಸೇರಿಸಿಕೊಂಡು ತೋಟಕ್ಕೆ ನುಗ್ಗಿದ. ಕೊಂಬೆಯ ಬುಡ ಹಿಡಿದು ತುದಿಯವರೆಗೆ ಸರ್ರನೆ ಎಳೆದರು. ಒಂದೇ ದಿನದಲ್ಲಿ ಗಿಡಗಳೆಲ್ಲ ಬೋಳು. ಸಂಜೆ ಇಪ್ಪತ್ತೆರಡು ಚೀಲ ಸಾಲಾಗಿ ನಿಲ್ಲಿಸಿ, ಹಂದಿ ಸುಟ್ಟು, ಹಾಡು ಹೇಳಿ ಹಬ್ಬ ಮಾಡಿದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಆ ಸಂಜೆ ಯಾರಿಗೂ ನೆನಪಾಗಲಿಲ್ಲ.

ಮಾರನೆಯ ದಿನ ಕೋನಾದ ವ್ಯಾಪಾರಿ ಬಂದ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದ. ನಾಲ್ಕು ಕೆಂಪು, ಏಳು ಹಸಿರು, ಎರಡು ಎಲೆ.

"ಇದೇನ್ರಪ್ಪಾ, ಕಾಫಿನೋ ಪಲ್ಯಕ್ಕೆ ಹೆಚ್ಚಿಟ್ಟಿರೋ ಸೊಪ್ಪೋ?" ಅಂದ. "ಕಬ್ಬಿನವರು ಕಬ್ಬು ನೋಡ್ಕೋಬೇಕು. ಇರಲಿ, ಬಿಸಾಕೋ ಬದಲು ನಾನೇ ತಗೊಂಡು ಹೋಗ್ತೀನಿ. ಬೇರೆದರ ಜೊತೆ ಬೆರೆಸ್ತೀನಿ. ಯಾವೂರದ್ದು ಅಂತ ಮಾತ್ರ ಯಾರಿಗೂ ಹೇಳಲ್ಲ, ನನ್ನ ಮರ್ಯಾದೆ ಪ್ರಶ್ನೆ."

ಕೊನೆಯ ಮಾತು ಕ್ರಿಸಾಂತಾಳ ಎದೆಗೆ ಚುಚ್ಚಿತು. ಕಡಿಮೆ ಬೆಲೆ ಕೊಟ್ಟದ್ದನ್ನು ಅವಳು ಮರೆಯುತ್ತಿದ್ದಳೇನೋ. ಊರಿನ ಹೆಸರನ್ನು ಬಾಯಿಂದ ಬಿಟ್ಟರೆ ಮೈಲಿಗೆ ಅನ್ನುವಂತೆ ಮಾತಾಡಿದ್ದನ್ನು ಮರೆಯಲಿಲ್ಲ. ಪಹಾಲಾ ಅನ್ನುವ ಹೆಸರು ಚೀಲದ ಮೇಲೆ ಬರಬೇಕು, ಅದೂ ಇದೇ ಮನುಷ್ಯನ ಲಾರಿಯಲ್ಲಿ ಹೋಗಬೇಕು ಎಂದು ಅವಳು ಅವತ್ತೇ ಹಟ ತೊಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಎಲ್ಪಿಡಿಯೊ ಮೊದಲು ನಗುತ್ತಿದ್ದ.

ಆ ಸಂಜೆಯೇ ತೋಟಕ್ಕೆ ಹೋಗಿ, ಕೈತಪ್ಪಿ ಕೊಂಬೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದ ಹಣ್ಣುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡಳು. ಹಸಿರು ಕಾಯಿ ಒಗರು. ಹಳದಿ ತಿರುಗಿದ್ದು ಸಪ್ಪೆ. ಕೆಂಪಗಾದದ್ದು ಸಿಹಿ. ಆದರೆ ಕೆಂಪಿನಲ್ಲೂ ಎರಡಿದ್ದವು. ಬರೀ ಕೆಂಪಾದದ್ದಕ್ಕಿಂತ ಇನ್ನು ನಾಲ್ಕು ದಿನ ಗಿಡದಲ್ಲೇ ಇದ್ದು ಕಪ್ಪುಗೆಂಪಾದದ್ದು ಕಬ್ಬಿನ ಬುಡದ ಗಿಣ್ಣಿನಷ್ಟು ಸಿಹಿ. ಎಂಟು ವರ್ಷ ಗದ್ದೆ ಗದ್ದೆ ಸುತ್ತಿ ಹುಡುಕಿದ್ದು ಇದೇ ಸಿಹಿಯನ್ನಲ್ಲವೇ! ಕ್ರಿಸಾಂತಾ ಕತ್ತಲಾಗುವವರೆಗೆ ಜಗಿಯುತ್ತಲೇ ಇದ್ದಳು. ಕಬ್ಬಿನವಳು ಅನ್ನಿಸಿಕೊಂಡ ಅವಮಾನ ಅರ್ಧ ಅಲ್ಲೇ ಇಳಿಯಿತು.

ಮುಂದಿನ ವರ್ಷದಿಂದ ಅವರ ತೋಟದಲ್ಲಿ ಒಂದು ಗಿಡಕ್ಕೆ ಎಂಟು ಸಲ ಕೊಯ್ಲು. ಕಪ್ಪುಗೆಂಪಾದದ್ದನ್ನಷ್ಟೇ ಕೀಳು, ಉಳಿದದ್ದನ್ನು ಬಿಡು, ವಾರ ಬಿಟ್ಟು ಮತ್ತೆ ಬಾ. ಎಲ್ಪಿಡಿಯೊಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇಲೊಕಾನೊ ಮಾತಿನಲ್ಲಿ ಲಕಾಯ್ ಅಂದರೆ ಮುದುಕ, ಬಕೆತ್ ಅಂದರೆ ಮುದುಕಿ. ಗಂಡ ಹೆಂಡತಿ ವಯಸ್ಸಿರುವಾಗಲೇ ಒಬ್ಬರನ್ನೊಬ್ಬರು ಹಾಗೆ ಕರೆದುಕೊಳ್ಳುವುದು ಅವರಲ್ಲಿ ಪ್ರೀತಿಯ ಲಕ್ಷಣ.

"ಬಕೆತ್, ಈ ಗಿಡದ ಮುಖ ನೋಡಿ ನೋಡಿ ನಂಗೆ ಸಾಕಾಯ್ತು. ನಿನ್ನನ್ನ ಮದುವೆ ಆಗೋಕ್ಕೆ ಮುಂಚೆ ಸಹ ನಿಮ್ಮನೆಗೆ ಎಂಟು ಸಲ ಬಂದಿರ್ಲಿಲ್ಲ."

"ಬಂದಿದ್ರೆ ನಮ್ಮಪ್ಪ ನೀನು ಎಂಥವನು ಅಂತ ತಿಳ್ಕೊಂಡು ಬೇಡ ಅಂತಿದ್ದ. ಬುಟ್ಟಿ ಕಟ್ಕೋ, ಲಕಾಯ್."

ಹೀಗೆ ವರ್ಷಗಳು ಉರುಳಿದವು. ಹಣ್ಣು ಚೆನ್ನಾಯಿತು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು ಬಂತು, ಒಣಗಿಸಲು ಮನೆಯ ಮುಂದೆ ಕಣ ಬಂತು. ವ್ಯಾಪಾರಿ ಈಗ ಬೈಯುತ್ತಿರಲಿಲ್ಲ, ಸುಮ್ಮನೆ ತುಂಬಿಕೊಂಡು ಹೋಗುತ್ತಿದ್ದ. ಆದರೆ ಊರಿನ ಹೆಸರಿಲ್ಲದ ಬರಿಯ ಚೀಲದಲ್ಲೇ.

ಆಗ ಬಂತು ಪಂದ್ಯದ ಸುದ್ದಿ. ತಂದವಳು ಪಕ್ಕದ ತೋಟದ ರುಫೀನಾ, ಹನ್ನೊಂದು ಮನೆಯ ಕಾಗದಪತ್ರವೆಲ್ಲ ನೋಡಿಕೊಳ್ಳುವವಳು. ಸಮುದ್ರದಾಚೆ ವರ್ಷಕ್ಕೊಮ್ಮೆ ಊರೂರಿನ, ದೇಶದೇಶದ ಕಾಫಿ ತರಿಸಿ, ಹೆಸರು ಮುಚ್ಚಿಟ್ಟು, ಸೊರ್ರೆಂದು ಹೀರಿ ಉಗಿದು ಅಂಕ ಹಾಕುತ್ತಾರಂತೆ. "ಮನಾಂಗ್ ಸಾಂತಾ, ಕಳಿಸಿದ್ರೆ ನಿಮ್ಮದೇ ಕಳಿಸ್ಬೇಕು" ಅಂದಳು. ಮನಾಂಗ್ ಅಂದರೆ ಅಕ್ಕ. ಆ ಮಾತು ಕೇಳಿಯೇ ಕ್ರಿಸಾಂತಾಗೆ ಕಣ್ಣು ತುಂಬಿತು.

ತೋಟದ ಮೇಲಿನ ತುದಿಯಲ್ಲಿ, ಮಧ್ಯಾಹ್ನವೇ ಮಂಜು ಕವಿಯುವ ಕಡೆ, ಎರಡು ಸಾಲು ಗಿಡಗಳಿದ್ದವು. ತಂಪಿಗೆ ಅಲ್ಲಿನ ಹಣ್ಣು ನಿಧಾನವಾಗಿ ಮಾಗುತ್ತಿತ್ತು. ಪಂದ್ಯಕ್ಕೆ ಅದೇ ಎಂದು ಆರಿಸಿಟ್ಟಳು. ಹಣ್ಣು ಕೆಂಪಾಯಿತು. ಇನ್ನು ಮೂರು ದಿನ ಅನ್ನುವಾಗ ರೇಡಿಯೊದಲ್ಲಿ ತೆಂಕಣ ಗಾಳಿಯ ಸುದ್ದಿ ಬಂತು: ದೊಡ್ಡ ಮಳೆ, ದೊಡ್ಡ ಗಾಳಿ.

ಎಲ್ಪಿಡಿಯೊ ಬುಟ್ಟಿ ಹಿಡಿದು ಹೊರಟೇಬಿಟ್ಟ. "ಕೆಂಪಾಗಿದೆ ತಾನೆ? ಕಿತ್ತುಬಿಡೋಣ."

ಕ್ರಿಸಾಂತಾ ಒಂದು ಹಣ್ಣು ಕಿತ್ತು ಜಗಿದಳು. "ಆಗಿಲ್ಲ."

"ನಾಳೆ ಗಿಡದಲ್ಲಿ ಏನೂ ಇರಲ್ಲ ಕಣೇ! ಆಮೇಲೆ ಪಂದ್ಯಕ್ಕೆ ಏನ್ ಕಳಿಸ್ತೀಯ, ನಿನ್ನ ನಾಲಗೇನಾ?"

"ಆಗದೇ ಇರೋದನ್ನ ಕಳಿಸಿ ಪಹಾಲಾ ಅಂತ ಹೆಸರು ಬರೀಲಾ? ನಗೋರಿಗೆ ಇನ್ನೊಂದು ಸಲ ನಗೋಕ್ಕೆ? ಒಂದು ಬುಟ್ಟಿ ಉಳಿದ್ರೆ ಒಂದು ಬುಟ್ಟಿ. ಏನೂ ಉಳೀದಿದ್ರೆ ಇಲ್ಲ."

ಅವನು ಬುಟ್ಟಿ ಎಸೆದು ಮನೆಗೆ ಹೋದ. ಆ ರಾತ್ರಿ ಗಾಳಿ ತಗಡಿನ ಮಾಡು ಕಿತ್ತುಕೊಂಡು ಹೋಗುವಂತೆ ಬೀಸಿತು. ಎರಡು ದಿನ ಮಳೆ ಎಡೆಬಿಡದೆ ಸುರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರನೆಯ ದಿನ ಬೆಳಿಗ್ಗೆ ಅವಳು ಮೇಲೆ ಹೋಗಿ ನೋಡಿದಾಗ ಮುಕ್ಕಾಲು ಪಾಲು ಹಣ್ಣು ಕೆಸರಿನಲ್ಲಿ ಬಿದ್ದಿತ್ತು. ಕ್ರಿಸಾಂತಾ ಅಲ್ಲೇ ಕೂತು ಅತ್ತಳು. ತಪ್ಪು ಮಾಡಿದೆನಲ್ಲ ಎಂದು ಜೋರಾಗಿ ಅತ್ತಳು, ಕೇಳುವವರು ಯಾರೂ ಇರಲಿಲ್ಲವಾದ್ದರಿಂದ. ಅತ್ತಾದ ಮೇಲೆ ಮೂಗೊರೆಸಿಕೊಂಡು, ಗಿಡದಲ್ಲಿ ಉಳಿದಿದ್ದ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು.

ಆಗಿತ್ತು.

ಒಂದೂವರೆ ಬುಟ್ಟಿ ಸಿಕ್ಕಿತು. ಪಲ್ಪರು ತಿರುಗಿಸಿದವಳು ಅವಳೇ, ತೊಳೆದವಳು ಅವಳೇ, ಮೋಡ ಬಂದಾಗ ಎತ್ತಿ ಒಳಗಿಟ್ಟವಳೂ ಅವಳೇ. ಗಂಡನ ಬಾಯಿಗೆ ಹತ್ತು ದಿನ ಬೀಗ. ಪಂದ್ಯಕ್ಕೆ ಬೇಕಾದಷ್ಟು ತೂಗಿ ಕಳಿಸಿದ ಮೇಲೆ ಒಂದು ಹಿಡಿ ಮಿಕ್ಕಿತು. ಅದನ್ನು ಹುರಿದು, ಕುಟ್ಟಿ, ಸೋಸಿ, ನುಗ್ಗೆಸೊಪ್ಪಿನ ಸಾರು ಅನ್ನ ಉಂಡು ಕೂತಿದ್ದ ಗಂಡನ ಮುಂದೆ ಇಟ್ಟಳು. ಅವನು ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. ಎದ್ದು ಲೋಟವನ್ನು ತಾನೇ ತೊಳೆದಿಟ್ಟ. ಮೂವತ್ತೈದು ವರ್ಷದ ಸಂಸಾರದಲ್ಲಿ ಅದು ಮೊದಲ ಸಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ರುಫೀನಾ ಕಾಗದವೊಂದನ್ನು ಹಿಡಿದು ತೋಟದ ನಡುವೆ ಬಿದ್ದು ಎದ್ದು ಓಡಿಬಂದಳು. ಒಂದು ಕಾಲಿನ ಚಪ್ಪಲಿ ಎಲ್ಲೋ ಉಳಿದಿತ್ತು.

"ಮನಾಂಗ್! ಆರನೇದು!"

"ಏನು ಆರನೇದು? ಉಸಿರು ತಗೋ ಮೊದ್ಲು."

"ನೂರಕ್ಕಿಂತ ಜಾಸ್ತಿ ಬಂದಿದ್ವಂತೆ, ಎಲ್ಲಾ ದೇಶದ್ದೂ. ಅದರಲ್ಲಿ ನಮ್ದು ಆರನೇದು! ಪಟ್ಟಿಲಿ ಹಾಕಿದ್ದಾರೆ, ಅಗ್ಬಾಯಾನಿ, ಪಹಾಲಾ ಅಂತ!"

ಕ್ರಿಸಾಂತಾ ಕಾಗದ ಇಸಕೊಂಡು ನೋಡಿದಳು. ಆರನೆಯ ಸಾಲಿನಲ್ಲಿ ಊರಿನ ಹೆಸರಿತ್ತು. ಎಲ್ಪಿಡಿಯೊ ಅವಳ ಭುಜದ ಮೇಲಿಂದ ಇಣುಕಿದ. ಆಮೇಲೆ ಕಾಗದ ಕಿತ್ತುಕೊಂಡು ರಸ್ತೆಗೆ ಓಡಿದ. ಅಂಚೆ ಕಚೇರಿ, ಅಂಗಡಿ, ಇಗರ್ಜಿ, ಎಲ್ಲ ಕಡೆ ಓದಿ ಹೇಳಿದ. ಸಂಜೆಯ ಹೊತ್ತಿಗೆ ಅವನ ಮಾತಿನ ಪ್ರಕಾರ ಗಾಳಿ ಬರುವಾಗ ಹಣ್ಣು ಕೀಳಬೇಡ ಅಂದವನು ಅವನೇ ಆಗಿದ್ದ. ಕ್ರಿಸಾಂತಾ ತಿದ್ದಲು ಹೋಗಲಿಲ್ಲ. ಇಷ್ಟು ಖುಷಿಯಲ್ಲಿ ಮುದುಕ ಸ್ವಲ್ಪ ಸುಳ್ಳು ಹೇಳಿಕೊಳ್ಳಲಿ ಎಂದು ಬಿಟ್ಟಳು.

ಆ ವಾರವೇ ವ್ಯಾಪಾರಿಯ ಲಾರಿ ಬಂತು. ಈ ಸಲ ಅವನು ಕೈಮುಗಿಯುವುದೊಂದು ಬಾಕಿ. "ಆಂಟಿ, ನಂಗೆ ಮೊದಲೇ ಗೊತ್ತಿತ್ತು, ಈ ಮಣ್ಣಲ್ಲಿ ಏನೋ ಇದೆ ಅಂತ!" ಹನ್ನೊಂದು ಮನೆಯ ಫಸಲೂ ಲಾರಿಗೆ ಏರಿತು, ಎಂದಿನಂತೆ ಬರಿಯ ಚೀಲಗಳಲ್ಲಿ.

"ಚೀಲದ ಮೇಲೆ ಪಹಾಲಾ ಅಂತ ಬರೀರಿ" ಅಂದಳು ಕ್ರಿಸಾಂತಾ.

ಅವನು ನಕ್ಕ. "ಪಂದ್ಯದ ಮಾತು ಬೇರೆ, ಮಾರ್ಕೆಟ್ಟಿನ ಮಾತು ಬೇರೆ ಆಂಟಿ. ಆ ಹೆಸರು ಯಾರಿಗೆ ಗೊತ್ತು? ಬೆಲೆ ಬೇಕಾದ್ರೆ ಜಾಸ್ತಿ ಕೊಡ್ತೀನಿ. ಹೆಸರು ಬೇಡ."

"ಬೆಲೆ ಎಷ್ಟಾದ್ರೂ ಕೊಡಿ. ಹೆಸರಿಲ್ದೆ ಒಂದು ಕಾಳೂ ಈ ಊರು ದಾಟಲ್ಲ."

"ನನ್ನ ಬಿಟ್ರೆ ಇಷ್ಟು ದೂರ ಯಾರು ಬರ್ತಾರೆ? ಒಂದು ವರ್ಷದ ಫಸಲು ಮನೇಲಿಟ್ಕೊಂಡು ಏನ್ಮಾಡ್ತೀರಾ?"

ಅದು ಸುಳ್ಳಲ್ಲ, ಬೇರೆ ಯಾರೂ ಬರುತ್ತಿರಲಿಲ್ಲ. ಅಂಗಳದಲ್ಲಿ ನೆರೆದಿದ್ದ ಹನ್ನೊಂದು ಮನೆಯವರೂ ಕ್ರಿಸಾಂತಾಳ ಕಡೆ ತಿರುಗಿದರು. ಇದ್ದಿದ್ದೊಂದು ದಾರಿಯನ್ನೂ ತಾನೇ ಮುಚ್ಚಿದೆನೇನೋ ಎಂದು ಅವಳಿಗೆ ದಿಗಿಲಾಯಿತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಎಲ್ಪಿಡಿಯೊ ಲಾರಿ ಹತ್ತಿದ. ವ್ಯಾಪಾರಿ, ಇವನು ಚೀಲ ಸರಿಮಾಡಲು ಹತ್ತಿದ ಎಂದುಕೊಂಡು ದಾರಿ ಬಿಟ್ಟ. ಎಲ್ಪಿಡಿಯೊ ಅಗ್ಬಾಯಾನಿ ಮನೆಯ ಮೊದಲ ಚೀಲವನ್ನು ಹೆಗಲಿಗೇರಿಸಿ ಕೆಳಗಿಳಿಸಿದ. ಎರಡನೆಯದನ್ನೂ ಇಳಿಸಿದ.

"ಲಕಾಯ್, ಸೊಂಟ ನೋಡ್ಕೋ" ಅಂದಳು ಕ್ರಿಸಾಂತಾ.

"ಸೊಂಟ ಹೋದ್ರೆ ಹೋಗಲಿ" ಅಂದ ಅವನು, ಮೂರನೆಯದಕ್ಕೆ ಕೈಹಾಕುತ್ತ.

ಆಗ ರುಫೀನಾ ಹತ್ತಿದಳು. ಅವಳ ಹಿಂದೆ ಅವಳ ಗಂಡ. ಆಮೇಲೆ ಕೆಳಗಿನ ತೋಟದವರು, ಹಳ್ಳದ ಆಚೆಯವರು. ಯಾರೂ ಯಾರಿಗೂ ಹೇಳಲಿಲ್ಲ. ಹನ್ನೊಂದು ಮನೆಯವರೂ ತಮ್ಮ ತಮ್ಮ ಚೀಲ ಇಳಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಲಾರಿಯಲ್ಲಿ ಹಗ್ಗವೊಂದು ಉಳಿಯಿತು.

ವ್ಯಾಪಾರಿ ಖಾಲಿ ಲಾರಿ ನೋಡಿದ, ಸಾಲು ನೋಡಿದ, ಬೆವರೊರೆಸಿಕೊಂಡ. ಕೋನಾದವರೆಗೆ ಬರಿಗೈಯಲ್ಲಿ ಹೋಗುವುದು ಅವನಿಗೂ ಹಗುರವಲ್ಲ. ಕೊನೆಗೆ ಲಾರಿಯ ಮುಂಭಾಗದಿಂದ ಮಸಿಯ ಡಬ್ಬಿ, ಕುಂಚ ತಂದು ಮೊದಲ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಎಲ್ಲಿ ಬರೀಬೇಕು ಹೇಳಿ ಆಂಟಿ."

"ನಟ್ಟನಡುವೆ ಬರೀರಿ. ದೊಡ್ಡ ಅಕ್ಷರದಲ್ಲಿ" ಅಂದಳು ಕ್ರಿಸಾಂತಾ. "ನಮ್ಮೂರಲ್ಲಿ ಕನ್ನಡಕ ಇಲ್ಲದೋರು ಬಹಳ ಇದ್ದಾರೆ, ಎಲ್ರಿಗೂ ಕಾಣ್ಬೇಕು."