ನನ್ನ ಅಕೌಂಟಿನಲ್ಲಿ ಇನ್ನೊಬ್ಬರ ಅತ್ತೆ

ನಮ್ಮತ್ತೆ ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅದೇ ಹೊತ್ತಿಗೆ ನಮ್ಮತ್ತೆ ನನ್ನ ಫೋನಿನೊಳಗೆ, ನಾನು ಯಾವತ್ತೂ ಕಾಲಿಟ್ಟಿರದ ಒಂದು ಅಂಗಳದಲ್ಲಿ, ಹಗ್ಗದ ಮಂಚದ ಮೇಲೆ ಕೂತಿದ್ದರು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಮಧುಗಿರಿಯ ಬಿಸಿಲು ಬೆಟ್ಟದ ಬಂಡೆಯನ್ನು ಆಗಲೇ ಕಾಯಿಸಲು ಶುರು ಮಾಡಿತ್ತು. ಹೆದರುವಂಥ ಹೊತ್ತೇ ಅಲ್ಲ.

ಫೋನು ಟಿಂಗ್ ಅಂದಿತ್ತು. ನನ್ನ ಫೋಟೋಗಳನ್ನೆಲ್ಲ ಬಿಟ್ಟಿಯಾಗಿ ಇಟ್ಟುಕೊಳ್ಳುವ ಆ್ಯಪ್ ಕಳಿಸಿದ ಸಂದೇಶ: 'ಅತ್ತೆಯ ಹೊಸ ಫೋಟೋಗಳು ಬಂದಿವೆ'. (ಯಾವುದೋ ಕಾಲದಲ್ಲಿ ಅದು ಒಂದು ಮುಖ ತೋರಿಸಿ 'ಇವರು ಯಾರು' ಎಂದು ಕೇಳಿತ್ತು. 'ಅತ್ತೆ' ಎಂದು ಬರೆದುಕೊಟ್ಟವಳು ನಾನೇ. ಅಂದಿನಿಂದ ಅದು ನಮ್ಮತ್ತೆಯನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತದೆ.)

ತೆರೆದು ನೋಡಿದೆ. ಎರಡೂ ಕಡೆ ಮೂಗುಬಟ್ಟು, ಒಳಕ್ಕೆ ಹೋದ ಕೆನ್ನೆ, ಕ್ಯಾಮೆರಾವನ್ನು ನಂಬದ ಆ ನೋಟ. ಅವರೇ. ಆದರೆ ಹಣೆಯಲ್ಲಿ ವಿಭೂತಿ ಇಲ್ಲ. ಉಟ್ಟಿದ್ದು ಕೆಂಪು ಸೀರೆ. ನಮ್ಮ ಮನೆಯಲ್ಲಿ ಅಂಥ ಸೀರೆಯೇ ಇಲ್ಲ. ಹಿಂದೆ, ಮೋಟು ಗೋಡೆಯಾಚೆ, ಕಣ್ಣು ಹೋಗುವವರೆಗೂ ಕಪ್ಪು ಗಾಜಿನ ಸೋಲಾರ್ ಹಲಗೆಗಳ ಸಾಲು.

"ಅತ್ತೆ, ಇದು ನೀವೇನಾ?"

ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನಾನೇ ಕಣಮ್ಮ," ಅಂದರು. ಆಮೇಲೆ, ನಿಧಾನವಾಗಿ, "ನಾನ್ ಯಾವಾಗ ಅಲ್ಲಿಗೋಗಿದ್ದೆ?"

ಅವರಿಗೆ ಮರೆವಿಲ್ಲ. ನಮ್ಮ ಮನೆಯಲ್ಲಿ ಹಾಲಿನವನ ಲೆಕ್ಕದಿಂದ ಹಿಡಿದು ನನ್ನ ಮದುವೆಯಲ್ಲಿ ಯಾರು ಊಟಕ್ಕೆ ಕೂರದೆ ಹೋದರು ಎಂಬುದರವರೆಗೆ ಎಲ್ಲವೂ ನೆನಪಿರುವುದು ಅವರಿಗೊಬ್ಬರಿಗೇ. ಅಂಥವರು ಹಾಗೆ ಕೇಳಿದಾಗ ನನ್ನ ಕೈಯಲ್ಲಿದ್ದ ಫೋನು ತಣ್ಣಗಾದ ಹಾಗನಿಸಿತು.

ಕಾರಣ ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಹೋದ ವರ್ಷ ಶಿರಾದ ಒಂದು ಅಂಗಡಿಯಲ್ಲಿ ಹಳೇ ಫೋನು ಕೊಟ್ಟು ಹೊಸದು ತಂದಿದ್ದೆ. "ಬೇಫಿಕರ್ ಇರಿ ಮೇಡಂ, ಎಲ್ಲಾ ಸಾಫ್ ಮಾಡ್ತೀನಿ," ಅಂದಿದ್ದ ಅಂಗಡಿಯವನು. ಸಾಫ್ ಆಗಿರಲಿಲ್ಲ. ಫೋನಿನ ಜೊತೆ ನನ್ನ ಅಕೌಂಟೂ ಯಾರದೋ ಕೈಗೆ ಹೋಗಿತ್ತು. ಅವರು ತೆಗೆದ ಪ್ರತಿ ಫೋಟೋ ಹೋಗಿ ಬೀಳುತ್ತಿದ್ದುದು ನನ್ನ ಬಿಟ್ಟಿ ಜಾಗದಲ್ಲಿ.

ಆ ಆ್ಯಪನ್ನು ನಾನು ತೆರೆದು ನೋಡಿ ತಿಂಗಳುಗಳೇ ಆಗಿದ್ದವು. ಹಿಂದಕ್ಕೆ ಸರಿಸುತ್ತ ಹೋದೆ. ಸುಮಾರು ಎರಡು ತಿಂಗಳ ಫೋಟೋಗಳು. ದಿನಕ್ಕೆ ಒಂದೇ ಒಂದು. ಬೆಳಿಗ್ಗೆ ಏಳರ ಆಸುಪಾಸು. ಅದೇ ಮಂಚ, ಅದೇ ಕೋನ, ತಲೆಯಿಂದ ಕಾಲಿನವರೆಗೆ. ಸೀರೆ ಮಾತ್ರ ಬೇರೆ. ಹಬ್ಬವಿಲ್ಲ, ನಗುವಿಲ್ಲ, ಪಕ್ಕದಲ್ಲಿ ಮತ್ತೊಬ್ಬರಿಲ್ಲ. ಠಾಣೆಯಲ್ಲಿ ಆರೋಪಿಯನ್ನು ನಿಲ್ಲಿಸಿ ತೆಗೆದ ಹಾಗೆ.

ಯಾರು, ಯಾಕೆ, ಒಬ್ಬ ಮುದುಕಿಯ ಫೋಟೋವನ್ನು ಹೀಗೆ ದಿನವೂ ತೆಗೆಯುತ್ತಾರೆ?

"ಆ ಫೋನನ್ನ ಸೈನ್ ಔಟ್ ಮಾಡು. ಒಂದು ನಿಮಿಷದ ಕೆಲಸ," ಅಂದರು ನಮ್ಮ ಯಜಮಾನರು. ಸೆಟ್ಟಿಂಗ್ಸ್ ತೆರೆದೆ. ನನ್ನ ಹಳೇ ಫೋನಿನ ಹೆಸರು ಕಾಣಿಸಿತು. ಕೆಳಗೆ ಸಣ್ಣ ಅಕ್ಷರದಲ್ಲಿ, 'ನಾಲ್ಕು ನಿಮಿಷಗಳ ಹಿಂದೆ ಬಳಸಲಾಗಿದೆ'.

ಒತ್ತಲಿಲ್ಲ. ನೀವಾಗಿದ್ದರೆ ಒತ್ತುತ್ತಿದ್ದಿರಾ? ಎದೆ ಮುಟ್ಟಿಕೊಂಡು ಹೇಳಿ.

ಮೂರು ವಾರ ನೋಡಿದೆವು. ನಾನೊಬ್ಬಳೇ ಅಲ್ಲ, ಅತ್ತೆಯೂ. ಕಾಫಿ ಲೋಟ ಹಿಡಿದು ಬಂದು, "ಬಂದ್ಳಾ?" ಅಂತ ಕೇಳುತ್ತಿದ್ದರು. ನೋಡಿ, "ಇವತ್ತು ತಲೆ ಬಾಚ್ಕೊಂಡಿಲ್ಲ ಅವ್ಳು," ಅನ್ನುತ್ತಿದ್ದರು. ಹಾಗಂದು, ತಮ್ಮ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಒಂದು ಫೋಟೋದಲ್ಲಿ ಆ ಹೆಂಗಸು ಇನ್ನೇನು ನಗಬೇಕು ಅನ್ನುವ ಹಾಗಿದ್ದರು. ಅದಕ್ಕೆ, ಇಷ್ಟವಾಯಿತು ಎನ್ನುವ ಒಂದು ನಕ್ಷತ್ರ ಒತ್ತಿದೆ. (ಯಾಕೆ ಒತ್ತಿದೆ ಎಂದು ಕೇಳಬೇಡಿ.)

ಈ ನಡುವೆ ಆ್ಯಪ್ ತಾನಾಗಿಯೇ ಒಂದು ವಿಡಿಯೋ ಮಾಡಿ ಕಳಿಸಿತು. 'ಅತ್ತೆಯ ಜೊತೆಗಿನ ಸವಿ ನೆನಪುಗಳು'. ಪಿಟೀಲು ಸಂಗೀತ. ನನ್ನ ಮಗಳ ನಾಮಕರಣದಲ್ಲಿ ನಮ್ಮತ್ತೆ, ಮಂಚದ ಮೇಲೆ ಅವರು, ಕೊರಟಗೆರೆಯ ನಾದಿನಿ ಮನೆಯಲ್ಲಿ ನಮ್ಮತ್ತೆ, ಮತ್ತೆ ಮಂಚದ ಮೇಲೆ ಅವರು. ಒಂದು ಮುಖ ಕರಗಿ ಇನ್ನೊಂದಾಗುತ್ತಿತ್ತು. ಅತ್ತೆ ಪೂರ್ತಿ ನೋಡಲಿಲ್ಲ. ಎದ್ದು ಹೋದರು.

ಒಂದು ಮಂಗಳವಾರ ಮಂಚ ಖಾಲಿ.

ಮಂಚವಿತ್ತು, ಗೋಡೆಯಿತ್ತು, ಸೋಲಾರ್ ಸಾಲು ಇತ್ತು. ಕಂಬಳಿಯ ಅರ್ಧ ನೆಲಕ್ಕೆ ಇಳಿಬಿದ್ದಿತ್ತು. ಅವರಿರಲಿಲ್ಲ. ಬುಧವಾರವೂ ಖಾಲಿ. ಕಂಬಳಿ ಹಾಗೇ ಇತ್ತು. ಗುರುವಾರವೂ.

ಗುರುವಾರ ಅತ್ತೆಯ ಕಾಫಿ ಲೋಟದಲ್ಲೇ ಆರಿತು. "ತೆಗೆದ್ಬುಡಮ್ಮ ಅದನ್ನ," ಅಂದರು. "ನನ್ ಮಖ ಹೊತ್ಕೊಂಡು ಯಾರೋ ಹೋದಂಗಾಯ್ತು. ನನ್ ಮನೇಲಿ ಇಕ್ಕೋಬ್ಯಾಡ."

ನಾನು ಕಾಲೇಜು ಲೈಬ್ರರಿಯನ್. ಬೇಡದ್ದನ್ನು ಕಪಾಟಿನಿಂದ ತೆಗೆಯುವುದು ನನಗೆ ಗೊತ್ತು. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಗಿತ್ತು. ಆ ಮಂಚದ ಫೋಟೋಗಳನ್ನೆಲ್ಲ ಆರಿಸಿ ಡಿಲೀಟ್ ಒತ್ತಿದೆ. ಕಸದ ಬುಟ್ಟಿಯಲ್ಲಿ ಎರಡು ತಿಂಗಳು ಇಟ್ಟಿರುತ್ತೇನೆ ಎಂದಿತು ಆ್ಯಪ್. ಬುಟ್ಟಿಯನ್ನೂ ಖಾಲಿ ಮಾಡಿದೆ. 'ಇವನ್ನು ಮತ್ತೆ ಪಡೆಯಲಾಗದು, ಖಚಿತವೇ?' ಖಚಿತ. ಆಮೇಲೆ ಆ ಫೋನನ್ನು ಸೈನ್ ಔಟ್ ಮಾಡಿದೆ.

ಶುಕ್ರವಾರ ಮಧ್ಯಾಹ್ನ ಲೈಬ್ರರಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಅಕ್ಕಾ, ನಾನು ರತ್ನಮ್ಮ ಅಂತ. ಪಾವಗಡ ತಾವ ಕ್ಯಾತಗಾನಚೆರ್ಲು. ನಿಮ್ ಹಳೇ ಫೋನು ನನ್ ತಾವೈತೆ."

"ನನ್ನ ನಂಬರ್ ಹೇಗೆ ಸಿಕ್ತಮ್ಮ?"

"ನಿಮ್ ಫೋಟದಾಗೇ ಐತಲ್ಲಕ್ಕ. ಕೊರಿಯರ್ ಡಬ್ಬಿ ಮ್ಯಾಲೆ. ಯಾವತ್ತಾರ ಬೇಕಾಯ್ತದೆ ಅಂತ ಬರ್ಕೊಂಡಿದ್ದೆ." ಅದೇ ಉಸಿರಿನಲ್ಲಿ ಕೇಳಿದಳು: "ನಿಮ್ಮತ್ತೆ ಮಂಡಿ ಹೆಂಗೈತೆ ಈಗ? ಎಕ್ಸ್‌ರೇ ತೆಗ್ಸಿದ್ರಲ್ಲ."

ಕುರ್ಚಿಯಲ್ಲಿ ಕೂತಿದ್ದವಳು ಎದ್ದು ನಿಂತೆ. ಇದು ನನಗೆ ಹೊಳೆದೇ ಇರಲಿಲ್ಲ, ನೋಡಿ. ಅವಳದ್ದು ನನಗೆ ಕಾಣುತ್ತಿದ್ದರೆ ನನ್ನದೂ ಅವಳಿಗೆ ಕಾಣಬೇಕಲ್ಲ. ಹತ್ತು ವರ್ಷಗಳ ಫೋಟೋ. ಅತ್ತೆಯ ಮಂಡಿ, ಮಗಳ ಮಾರ್ಕ್ಸ್ ಕಾರ್ಡು, ಮನೆಯ ಪತ್ರ, ಪ್ಲಂಬರಿಗೆ ಕಳಿಸಲು ತೆಗೆದ ಒಡೆದ ನಲ್ಲಿ. ನಾನು ಬಾಗಿಲ ಮರೆಯಲ್ಲಿ ನಿಂತು ಒಬ್ಬಳ ಅಂಗಳವನ್ನು ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ಸುಮಾರು ಮೂರು ತಿಂಗಳಿಂದ ನಮ್ಮ ಮನೆಯೊಳಗೆ ಓಡಾಡಿಕೊಂಡಿದ್ದಳು.

"ನೀವೂ ನೋಡ್ತೀರಿ ಅಂತ ಗೊತ್ತಿತ್ತಕ್ಕ," ಅಂದಳು. "ನಮ್ಮತ್ತೆ ಫೋಟಕ್ಕೆ ಒಂದ್ ದಪ ನಕ್ಷತ್ರ ಬಂದಿತ್ತು. ನಾನಂತೂ ಒತ್ತಿರ್ಲಿಲ್ಲ."

ಆಮೇಲೆ ವಿಷಯಕ್ಕೆ ಬಂದಳು.

ರತ್ನಮ್ಮನ ಅತ್ತೆ ಹನುಮಕ್ಕ. ಎರಡು ವರ್ಷದಿಂದ ಮರೆವು. ಎದ್ದು ಹೊರಟುಬಿಡುತ್ತಾರೆ. ರತ್ನಮ್ಮನಿಗೆ ಸೋಲಾರ್ ಹಲಗೆಗಳ ನಡುವೆ ಹುಲ್ಲು ಕೊಯ್ಯುವ ಕೆಲಸ, ಗಂಡನಿಗೆ ಟ್ರ್ಯಾಕ್ಟರ್. ಈ ಫೋನು ಕೊಂಡಾಗಿನಿಂದ, ಕೆಲಸಕ್ಕೆ ಹೋಗುವ ಮುಂಚೆ ದಿನವೂ ಒಂದು ಫೋಟೋ ತೆಗೆಯುತ್ತಾಳೆ. ಇವತ್ತು ಯಾವ ಸೀರೆ ಉಟ್ಟಿದ್ದಾರೆ, ಕಾಲಲ್ಲಿ ಚಪ್ಪಲಿ ಇದೆಯಾ ಇಲ್ಲವಾ. ಕಳೆದುಹೋದರೆ ವಾಚ್‌ಮನ್‌ಗಳಿಗೆ, ಬಸ್ಸಿನವರಿಗೆ ತೋರಿಸಲು.

"ಆ ಸೋಲಾರ್ ಒಳಕ್ಕೋದ್ರೆ ಎಲ್ಲಾ ದಾರಿನೂ ಒಂದೇ ತರ ಅಕ್ಕ. ಒಳ್ಳೆ ಬುದ್ಧಿ ಇರೋರೇ ಸುತ್ತಾಡ್ಬುಡ್ತಾರೆ. ಎರಡು ಕಿತ ಫೋಟ ತೋರ್ಸೇ ಸಿಕ್ಕಿದ್ರು."

ಮಂಗಳವಾರ ಚಾರ್ಜಿಗೆ ಹಾಕಿದ್ದ ಫೋನು ತರಲು ಒಳಗೆ ಹೋಗಿದ್ದಾಳೆ. ಬರುವಷ್ಟರಲ್ಲಿ ಮಂಚ ಖಾಲಿ. ಗಂಡನಿಗೆ ತೋರಿಸಲೆಂದು ಅದನ್ನೇ ಫೋಟೋ ಹೊಡೆದಿದ್ದಾಳೆ. ಮರುದಿನವೂ ಏಳಕ್ಕೆ ಕೈ ತಾನಾಗಿ ಫೋನೆತ್ತಿತಂತೆ. ಪೊಲೀಸರು ಒಳ್ಳೆಯ ಫೋಟೋ ಒಂದನ್ನು ಪ್ರಿಂಟ್ ಹಾಕಿಸಿ ತನ್ನಿ ಎಂದಿದ್ದಾರೆ. ಗುರುವಾರ ಮಧ್ಯಾಹ್ನ ಪಾವಗಡದ ಸ್ಟುಡಿಯೋದಲ್ಲಿ ಫೋನು ಕೊಟ್ಟರೆ, ಒಳಗೆ ಒಂದೂ ಇಲ್ಲ. ಫೋನಿನಲ್ಲಿ ಜಾಗ ಸಾಲದು, ಇಲ್ಲಿಂದ ತೆಗೆದು ಅಕೌಂಟಿನಲ್ಲಷ್ಟೇ ಇಡಲೇ ಎಂದು ಆ್ಯಪ್ ಯಾವಾಗಲೋ ಕೇಳಿತ್ತು. ಹೂಂ ಅಂದಿದ್ದಳು.

"ಆಧಾರ್ ಫೋಟ ಐತೆ. ಅದ್ರಾಗೆ ನಾವೇ ಗುರುತು ಹಿಡಿಯಕ್ಕಾಗಲ್ಲ. ನಾಕು ದಿನ ಆಯ್ತು. ನಿಮ್ ತಾವ ಇದಾವಾ ಅಕ್ಕ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು. "ನಾನೇ ಅಳಿಸಿದೆ ಕಣಮ್ಮ. ಪೂರ್ತಿ," ಅಂದೆ.

ಆ ಕಡೆ ಬಸ್ಸಿನ ಹಾರ್ನ್ ಕೇಳಿಸಿತು. ಆಮೇಲೆ ಅಂದಳು, "ನಾನೂ ನಿಮ್ಮವು ಒಂದಷ್ಟು ತೆಗ್ದಾಕಿದ್ದೆ ಅಕ್ಕ, ಜಾಗ ಸಾಲ್ದೆ. ಬರೀ ಪುಸ್ತಕ, ಬಿಲ್ಲು ಅಂಥವು. ಜನ ಇರೋದು ಒಂದೂ ಮುಟ್ಟಿಲ್ಲ."

ಬೈದಿದ್ದರೆ ವಾಸಿಯಿತ್ತು.

ಅಳಿಸಿದ್ದನ್ನು ವಾಪಸ್ ತರಲು ಆ ಸಂಜೆಯೆಲ್ಲ ಹೆಣಗಿದೆ. 'ನಿಮ್ಮ ಸಮಸ್ಯೆ ಇಲ್ಲಿ ಬರೆಯಿರಿ' ಎಂಬ ಪುಟವಿತ್ತು. ಬರೆದೆ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂದು ಉತ್ತರ ಬಂತು. ಬಿಟ್ಟಿ ಗಿರಾಕಿಯ ಹತ್ತಿರ ಮಾತಾಡಲು ಅಲ್ಲಿ ಮನುಷ್ಯರಿಲ್ಲ. ನಮ್ಮ ಅತ್ತೆ ಯಾರೆಂದು ಗೊತ್ತಿರುವ ಆ ಜಾಗದಲ್ಲಿ, ಅತ್ತೆ ಕಳೆದುಹೋದರು ಎಂದು ಹೇಳಿಕೊಳ್ಳಲು ಒಬ್ಬರೂ ಇಲ್ಲ.

ಮತ್ತೆ ರತ್ನಮ್ಮನಿಗೆ ಫೋನು ಮಾಡಿದೆ. "ಹಂಗಾರೆ ನಿಮ್ಮತ್ತೆ ಫೋಟನಾರ ಕೊಡ್ರಿ," ಅಂದಳು. "ಆ ಫೋನೇ ಇಬ್ರೂ ಒಬ್ರೇ ಅಂತೈತಲ್ಲ."

ಅತ್ತೆ ಒಪ್ಪುವುದಿಲ್ಲ ಅಂದುಕೊಂಡೆ. ಎಲ್ಲ ಕೇಳಿಸಿಕೊಂಡರು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಹಣೆಯನ್ನು ನಾನು ಬರಿದಾಗಿ ಕಂಡಿದ್ದು ಅವತ್ತೇ. "ಆವಮ್ಮ ಯಾವ ಸೀರೇಲಿ ಹೋಗೈತೆ ಕೇಳು," ಅಂದರು. ಮನೆಯಲ್ಲಿ ಕಾಣದ ಸೀರೆ ಯಾವುದೆಂದು ರತ್ನಮ್ಮ ಹುಡುಕಿ ಹೇಳಿದಳು. ನೀಲಿ, ಬಿಳಿ ಚುಕ್ಕೆ. ಪಕ್ಕದ ಮನೆಯಿಂದ ಅಂಥದ್ದೇ ಒಂದು ತಂದು ಉಡಿಸಿದೆ. ಹಿತ್ತಲ ಮಂಚದ ಮೇಲೆ ಕೂತರು. ತಲೆಯಿಂದ ಕಾಲಿನವರೆಗೆ ಒಂದು ಫೋಟೋ ತೆಗೆದೆ. ಪರದೆಯಲ್ಲಿ ನೋಡಿದೆ. ಹನುಮಕ್ಕನೇ.

'ಕಾಣೆಯಾಗಿದ್ದಾರೆ'. ಶನಿವಾರ ಪಾವಗಡ, ಶಿರಾ, ಮಧುಗಿರಿ, ಐ.ಡಿ.ಹಳ್ಳಿಯ ಬಸ್ ಸ್ಟ್ಯಾಂಡುಗಳಲ್ಲಿ ನಮ್ಮತ್ತೆಯ ಮುಖ ಅಂಟಿತು. ಕೆಳಗೆ ರತ್ನಮ್ಮನ ನಂಬರು, ನನ್ನ ನಂಬರು. 'ಇವರನ್ನು ಹೋಲುವ' ಎಂದು ಸೇರಿಸಲೇಬೇಕು ಎಂದು ನಮ್ಮ ಯಜಮಾನರು ಹಟ ಹಿಡಿದರು. ಸೇರಿಸಿದೆವು. ಓದುವವರು ಯಾರು?

ಮೊದಲ ಕರೆ ಬಂದದ್ದು ನಮ್ಮ ಬೀದಿಯ ಹೂವಿನವಳದ್ದು. "ನಿಮ್ಮತ್ತೆ ಕಾಣ್ತಿಲ್ವಂತೆ?" ಅತ್ತೆ ನನ್ನೆದುರು ಮುದ್ದೆ ಮುರಿಯುತ್ತಿದ್ದರು. ದೇವಸ್ಥಾನದ ಮೆಟ್ಟಿಲ ಮೇಲೆ ಯಾರೋ ಅತ್ತೆಯ ಕೈ ಹಿಡಿದುಕೊಂಡು, "ಬಾ ಅಜ್ಜಿ, ಮನೆಗೆ ಬುಡ್ತೀನಿ," ಅಂದರಂತೆ. ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಬ್ಬರು ಕೂರಿಸಿ ಟೀ ಕೊಡಿಸಿ ನನಗೆ ಫೋನು ಮಾಡಿದರು. ನಾನೇ ಹೋಗಿ ಕರೆತಂದೆ. ಸೋಮವಾರ ಸಂಜೆ ಅತ್ತೆ ಅಂದರು, "ಇಷ್ಟು ಜನ ಹೇಳಿದ್ ಮ್ಯಾಲೆ ನನಗೇ ಅನುಮಾನ ಬತ್ತೈತೆ ಕಣಮ್ಮ." ನಗುತ್ತಾರೇನೋ ಎಂದು ಮುಖ ನೋಡಿದೆ. ನಗಲಿಲ್ಲ.

ಬುಧವಾರ ಬರಗೂರಿನಿಂದ ಒಬ್ಬ ಟೈಲರಮ್ಮ ಕರೆ ಮಾಡಿದರು. "ಶಿರಾ ಬಸ್ ಸ್ಟ್ಯಾಂಡಾಗೆ ಫೋಟ ನೋಡ್ದೆ ಕಣವ್ವ. ಆ ಅಜ್ಜಿ ಐದು ದಿನದಿಂದ ನಮ್ಮನೆ ಜಗಲಿ ಮ್ಯಾಲವ್ರೆ. ಊರು ಕೇಳಿದ್ರೆ ಹೇಳಾಕಿಲ್ಲ. ಇಕ್ಕಿದ್ದು ಉಣ್ತಾರೆ."

ನಾವೆಲ್ಲ ಹೋದೆವು. ಅತ್ತೆ ತಾವೂ ಬರುತ್ತೇನೆಂದು ಹೊರಟು ಕೂತರು. ರತ್ನಮ್ಮ, ಅವಳ ಗಂಡ ನಮಗಿಂತ ಮುಂಚೆ ಬಂದಿದ್ದರು. ರತ್ನಮ್ಮ ನನ್ನನ್ನು ದೂರದಿಂದಲೇ ಗುರುತು ಹಿಡಿದು ಎದ್ದು ಬಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಅಷ್ಟು ಫೋಟೋಗಳಲ್ಲಿ ಒಂದರಲ್ಲೂ ಅವಳಿರಲಿಲ್ಲ.

ಜಗಲಿಯ ಮೇಲೆ ನೀಲಿ ಸೀರೆಯ ಹನುಮಕ್ಕ. ಪಾದ ಒಡೆದಿತ್ತು, ತುಟಿ ಒಣಗಿತ್ತು, ಜೀವ ಗಟ್ಟಿಯಾಗಿತ್ತು. ಅತ್ತೆ ಹೋಗಿ ಪಕ್ಕದಲ್ಲಿ ಕೂತರು. ಆಗ ನೋಡಿದೆ. ಒಬ್ಬರದು ಉದ್ದ ಮುಖ, ಒಬ್ಬರದು ದುಂಡು. ಬಣ್ಣ ಬೇರೆ, ಕಿವಿ ಬೇರೆ, ಗದ್ದ ಬೇರೆ. ಎಲ್ಲಿಂದ ನೋಡಿದರೂ ಒಂದಿಷ್ಟೂ ಹೋಲಿಕೆ ಇರಲಿಲ್ಲ.

"ಒಂದೇ ಅಚ್ಚು ಅಲ್ವೇನವ್ವ?" ಅಂದರು ಟೈಲರಮ್ಮ, ನನ್ನ ಕಿವಿಯಲ್ಲಿ.

ಹನುಮಕ್ಕ ನಮ್ಮತ್ತೆಯ ಕೆನ್ನೆ ಮುಟ್ಟಿದರು. "ಎಪ್ಪುಡು ವಚ್ಚಿನಾವೇ?" ಅಂದರು ತೆಲುಗಿನಲ್ಲಿ. ಯಾವಾಗ ಬಂದೆಯೇ ಎಂದು. ಬಹಳ ದಿನದಿಂದ ಕಾಯುತ್ತಿದ್ದವರ ಹಾಗೆ. ಅತ್ತೆಗೆ ತೆಲುಗು ಬರುವುದಿಲ್ಲ. "ಈಗ ಬಂದೆ ಕಣಮ್ಮ," ಅಂದರು.

ಹೊರಡುವಾಗ ರತ್ನಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು. "ನಿಮ್ ಅಕೌಂಟೇ ಮತ್ತೆ ಹಾಕ್ಕೊಡಿ ಅಕ್ಕ."

"ಬೇಡಮ್ಮ, ನಿನ್ನದೇ ಒಂದು ಮಾಡಿಕೊಡ್ತೀನಿ. ಬಿಟ್ಟಿ. ನಿನ್ನ ಫೋಟೋ ನಿನಗೊಬ್ಬಳಿಗೇ ಇರುತ್ತೆ."

ಅವಳ ಮುಖ ಸಣ್ಣದಾಯಿತು. "ಅದ್ರಾಗೆ ನಮ್ಮತ್ತೇನ ಯಾರ್ ನೋಡ್ತಾರೆ? ಯಾರ್ ನಕ್ಷತ್ರ ಒತ್ತಾರೆ?"

ಯಾರೂ ನೋಡುವುದಿಲ್ಲ ಎಂದು ಹೇಳಬೇಕಿತ್ತು. ನೀವಾದರೂ ಧೈರ್ಯವಾಗಿ ಹೇಳುತ್ತಿದ್ದಿರಾ?