ಸಮವಸ್ತ್ರದ ಮಾಸ್ಕು

ಹಂದಿಜ್ವರದ ವರ್ಷ ಪುಣೆಯ ಶಾಲೆಗಳು ಮುಚ್ಚಿದ್ದು ಒಂದು ವಾರವೋ ಎರಡೋ, ನನಗೆ ಖಚಿತವಿಲ್ಲ. ಯೆರವಡಾದಲ್ಲಿ ಕನ್ನಡದವರೇ ಹೆಚ್ಚಿದ್ದ ನಮ್ಮ ಓಣಿಯ ಟೇಲರ್ ಬಳಿ ಸಮವಸ್ತ್ರದ ಬಟ್ಟೆ ಹಾಗೇ ಉಳಿದು, ಅಂಗಡಿ ಮುಚ್ಚುವಂತಾಗಿದ್ದು ಮಾತ್ರ ನೆನಪಿದೆ. ಕನಿಷ್ಠ ಹಾಗೆಂದು ನಂಬಿದ್ದೇನೆ. ಅದೇ ಬಟ್ಟೆಯಲ್ಲಿ ಆತ ಮಾಸ್ಕ್ ಹೊಲಿಯತೊಡಗಿದ. ಅಳತೆಗೆ ಮುಂಚೆ ಶಾಲೆಯ ಹೆಸರು ಕೇಳುವ ರೂಢಿಯನ್ನು ಮಾತ್ರ ಬಿಡಲಿಲ್ಲ. ಕೊರಳಲ್ಲಿ ಟೇಪು ಹಾಕಿಕೊಂಡು, ಬಂದವರನ್ನೆಲ್ಲ "ಯಾವ ಸಾಲಿ ರೀ?" ಎನ್ನುತ್ತಿದ್ದ. ಪಿಂಚಣಿದಾರರೂ ತಬ್ಬಿಬ್ಬಾಗಿ ಒಂದು ಹೆಸರು ಹೇಳಿಬಿಡುತ್ತಿದ್ದರು. ಕೆಲವೇ ದಿನಗಳಲ್ಲಿ ಇಡೀ ಓಣಿ ಕ್ಯಾಂಪ್ ಬಡಾವಣೆಯ ದೊಡ್ಡ ಇಂಗ್ಲಿಷ್ ಶಾಲೆಯ ಕೆಂಪು ಚೌಕಡಿ ಮಾಸ್ಕಿನೊಳಗೇ ಕೆಮ್ಮತೊಡಗಿತು.

ಅವ್ವನ ತಂಗಿ, ನನ್ನ ಮೌಶಿಯೂ ಆ ಶಾಲೆಯ ಹೆಸರನ್ನೇ ಹೇಳಿದಳು. ಅವಳ ಮಗ ಕಾರ್ಪೊರೇಷನ್ ಶಾಲೆಯವನು. ಅವನ ಸಮವಸ್ತ್ರದ ಚೊಣ್ಣ, ಅಂದರೆ ಚಡ್ಡಿ, ಹೊಲಿದವನು ಇದೇ ಟೇಲರ್. ಆತ ನಗಲಿಲ್ಲ. ಕತ್ತರಿ ಆಡಿಸುತ್ತಲೇ, "ಮುಂದಿನ ವರ್ಷ ಚೊಣ್ಣಾನೂ ಇದರಾಗ ಹೊಲಿಯೂಣ್ರಿ, ಅಕ್ಕಾರ. ಅಡ್ಮಿಶನ್ ಫಾರ್ಮ್ ಜನವರಿದಾಗ ಕೊಡ್ತಾರ," ಎಂದ.

"ಭಾಳ ಮಾತಾಡ್ತೀರಿ ನೀವು," ಎಂದು ಮೌಶಿ ಮಾಸ್ಕ್ ಕಸಿದುಕೊಂಡಳು.

ಜನವರಿ ಕಳೆದ ಮೇಲೊಮ್ಮೆ ಕೇಳಿದೆ: "ಮೌಶಿ, ಫಾರ್ಮ್ ತರಾಕ ಹೋಗಿದ್ದಿಯೇನ?"

ಅವಳು ಆ ಕೆಂಪು ಚೌಕಡಿ ಮಾಸ್ಕನ್ನು ಮಡಚಿ ಮಗನ ಪುಸ್ತಕದ ಚೀಲದೊಳಗಿಟ್ಟಳು.